ಕ್ಲಬ್ ಮೆಡ್ ಇತಿಹಾಸ: "ಎಲ್ಲಾ ಸೇರಿ ಒಂದೇ ದರ" ಶುರುವಾದದ್ದು ಹೇಗೆ, ಅದರಲ್ಲಿ ನಿಜಕ್ಕೂ ಏನೇನು ಸೇರಿತ್ತು?

ದಾರಿಹೋಕ:
ಮಾಲ್ಡೀವ್ಸ್, ಬಾಲಿ, ಫುಕೆಟ್ ಯಾವ ಕಡೆಗೆ ಕೇಳಿದರೂ ಟ್ರಾವೆಲ್ಸ್‌ನವರ ಕೊಟೇಶನ್‌ನಲ್ಲಿ "ಆಲ್ ಇನ್‌ಕ್ಲೂಸಿವ್" ಅನ್ನುವ ಮಾತು ಇದ್ದೇ ಇರುತ್ತದೆ. ಇದನ್ನು ಕಂಡುಹಿಡಿದದ್ದು ಫ್ರಾನ್ಸಿನ ಕ್ಲಬ್ ಮೆಡ್, 1950ರ ಮೊದಲ ದಿನದಿಂದಲೇ ಊಟ, ಡ್ರಿಂಕ್ಸ್, ಆಟ ಎಲ್ಲವೂ ಒಂದೇ ದರದಲ್ಲಿ ಸೇರಿತ್ತು ಅಂತ ಹಲವು ಕಡೆ ಬರೆದಿದ್ದಾರೆ. ಎಷ್ಟು ನಿಜ? ಡೇರೆ ಹಾಕಿ ಶುರು ಮಾಡಿದವರು ಐಷಾರಾಮಿ ರೆಸಾರ್ಟ್ ಕಡೆಗೆ ಹೋದದ್ದು ಯಾಕೆ? ಈಗ ಚೀನಾದವರ ಕೈಯಲ್ಲಿದೆಯಂತೆ, ಅದು ಹೇಗಾಯಿತು? ಬಲ್ಲವರು ಇಸವಿ, ಲೆಕ್ಕ ಸಮೇತ ಬರೆದರೆ ಉಪಕಾರವಾಗುತ್ತದೆ.

ಹಳೇಕಡತ:
"ಕಂಡುಹಿಡಿದರು" ಅನ್ನುವ ಮಾತನ್ನು ಮೊದಲು ಸರಿಮಾಡೋಣ. 1936ರಲ್ಲೇ ಇಂಗ್ಲೆಂಡಿನ ಸ್ಕೆಗ್‌ನೆಸ್‌ನಲ್ಲಿ ಬಿಲ್ಲಿ ಬಟ್ಲಿನ್ ರಜಾ ಶಿಬಿರ ತೆರೆದಿದ್ದರು. ವಾರಕ್ಕೆ ಒಂದು ದರ, ಅದರಲ್ಲೇ ಮೂರು ಹೊತ್ತಿನ ಊಟ, ಮನರಂಜನೆ ಎಲ್ಲ ಸೇರಿತ್ತು. 1949ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿ ತೀರದಲ್ಲಿ "ಕ್ಲಬ್ ಒಲಿಂಪಿಕ್" ಎಂಬ ಡೇರೆ ಶಿಬಿರ ನಡೆಯುತ್ತಿತ್ತು. ಕ್ಲಬ್ ಮೆಡ್ ಸ್ಥಾಪಕ ಜೆರಾರ್ ಬ್ಲಿಟ್ಜ್ ಅದನ್ನು ನೋಡಿದ ಮೇಲೆಯೇ ತಮ್ಮ ಯೋಜನೆಗೆ ಕೈಹಾಕಿದ್ದು. ಇದೇ ಕಾಲ್ವಿಗೆ 1950ರ ಮೇ ತಿಂಗಳಲ್ಲಿ ಲಂಡನ್ನಿನ ವ್ಲಾದಿಮಿರ್ ರೈಟ್ಜ್ ಚಾರ್ಟರ್ (ಪೂರ್ತಿ ಬಾಡಿಗೆಗೆ ಹಿಡಿದ) ವಿಮಾನದಲ್ಲಿ ಜನರನ್ನು ಕರೆದೊಯ್ದರು. ವಿಮಾನ, ಡೇರೆ, ಊಟ ಸೇರಿ 32 ಪೌಂಡ್ 10 ಶಿಲಿಂಗ್. ಅಂದರೆ ಒಂದೇ ಕಡಲತೀರದಿಂದ ಎರಡು ದೊಡ್ಡ ಉದ್ಯಮ ಕವಲೊಡೆದಿವೆ: ಒಂದು ಕ್ಲಬ್ ಮೆಡ್ ಥರದ ರೆಸಾರ್ಟ್, ಇನ್ನೊಂದು ವಿಮಾನವೂ ಸೇರಿದ ಪ್ಯಾಕೇಜ್ ಪ್ರವಾಸ.

ಬ್ಲಿಟ್ಜ್ ಬೆಲ್ಜಿಯಂನ ಆಂಟ್‌ವರ್ಪ್‌ನವರು, 1912ರಲ್ಲಿ ಹುಟ್ಟಿದವರು. ವಜ್ರದ ಕೆಲಸದ ಮನೆತನ, ಜೊತೆಗೆ ವಾಟರ್ ಪೋಲೊ ಮನೆಯ ಆಟ. ಯುದ್ಧ ಮುಗಿದ ಮೇಲೆ ನಾತ್ಸಿ ಶಿಬಿರಗಳಿಂದ ಬದುಕಿ ಬಂದವರು ಚೇತರಿಸಿಕೊಳ್ಳಲೆಂದು ಆಲ್ಪ್ಸ್ ಬೆಟ್ಟಗಳಲ್ಲಿ ತೆರೆದ ಕೇಂದ್ರವನ್ನು ನಡೆಸಿದ್ದರು. ಬಿಸಿಲು, ಗಾಳಿ, ಆಟ, ಜೊತೆಗೂಡಿ ಊಟ ಇವು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತವೆ ಅನ್ನುವ ನಂಬಿಕೆ ಅಲ್ಲಿಂದ ಬಂದದ್ದು. ಕ್ಲಬ್ಬಿನ ಎಲ್ಲ ಪದ್ಧತಿಯ ಬೇರು ಇಲ್ಲಿದೆ, ಇದನ್ನು ಬಿಟ್ಟು ಬರೀ ವ್ಯಾಪಾರದ ಕಥೆ ಹೇಳಿದರೆ ಅರ್ಧ ಸತ್ಯವಾಗುತ್ತದೆ.

1950ರ ಏಪ್ರಿಲ್ 27ರಂದು ಪ್ಯಾರಿಸ್‌ನಲ್ಲಿ ನೋಂದಣಿಯಾದದ್ದು ಕಂಪನಿ ಅಲ್ಲ, 1901ರ ಕಾನೂನಿನಡಿ ಲಾಭದ ಉದ್ದೇಶವಿಲ್ಲದ ಸಂಘ. ನಮ್ಮಲ್ಲಿ ಸಹಕಾರ ಇಲಾಖೆಯಲ್ಲಿ ಸಂಘ ನೋಂದಾಯಿಸುತ್ತಾರಲ್ಲ, ಸುಮಾರಾಗಿ ಆ ಬಗೆಯದು. ಬಂದವರು ಗಿರಾಕಿಗಳಲ್ಲ, ಸದಸ್ಯರು. ಆ ಬೇಸಿಗೆಯಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದ ಅಲ್ಕುದಿಯಾದಲ್ಲಿ ಮೊದಲ "ಹಳ್ಳಿ" ಎದ್ದಿತು. ಹೌದು, ಅವರು ಬಳಸುವ ಪದವೇ ಹಳ್ಳಿ. ಮ್ಯಾನೇಜರ್‌ಗೆ "ಹಳ್ಳಿಯ ಮುಖ್ಯಸ್ಥ" ಅಂತಲೇ ಹೆಸರು. ಅಮೆರಿಕದ ಸೇನೆ ಬಳಸಿ ಬಿಟ್ಟ ಡೇರೆಗಳು, ಮಡಚುವ ಮಂಚಗಳು, ಸಾಮೂಹಿಕ ಅಡುಗೆ. ಡೇರೆ ಒದಗಿಸಿದ್ದು ಪ್ಯಾರಿಸ್‌ನ ತ್ರಿಗಾನೊ ಕುಟುಂಬ. ಆ ಮನೆಯ ಮಗ ಜಿಲ್ಬೆರ್ ತ್ರಿಗಾನೊ 1954ರಲ್ಲಿ ಖಜಾಂಚಿಯಾಗಿ ಒಳಗೆ ಬಂದರು, 1963ರಿಂದ ಚುಕ್ಕಾಣಿ ಅವರದೇ.

ಫ್ರಾನ್ಸಿನ ಕಾಲಮಾನವೂ ಹದವಾಗಿ ಕೂಡಿಬಂತು. 1936ರಲ್ಲಿ ಕಾರ್ಮಿಕರಿಗೆ ಸಂಬಳ ಸಹಿತ ಎರಡು ವಾರ ರಜೆ ಕಾನೂನಾಯಿತು, 1956ರಲ್ಲಿ ಮೂರನೆಯ ವಾರ, 1969ರಲ್ಲಿ ನಾಲ್ಕನೆಯದು. ರಜೆ ಇದೆ, ಕೈಯಲ್ಲಿ ಅಷ್ಟಿಷ್ಟು ಕಾಸಿದೆ, ಆದರೆ ಹೋಟೆಲಿಗೆ ಸಾಲದು ಅನ್ನುವ ಶಾಲಾ ಶಿಕ್ಷಕರು, ಗುಮಾಸ್ತರು, ನರ್ಸುಗಳಂಥ ಜನಕ್ಕೆ ಡೇರೆಯ ದರ ಹೊಂದಿತು.

ದಾರಿಹೋಕ:
ಧನ್ಯವಾದ ಸರ್. ಹಾಗಾದರೆ ಆ ಮೊದಲ ದರದಲ್ಲಿ ಏನೇನಿತ್ತು?

ಹಳೇಕಡತ:
ವಾಸ, ಊಟ, ಊಟದ ಜೊತೆ ವೈನ್, ಆಟ ಮತ್ತು ಆಟ ಕಲಿಸುವವರು. ಈ ಕೊನೆಯದೇ ಹೊಸತು. ದೋಣಿ ಬಾಡಿಗೆಗೆ ಕೊಡುವುದು ಬೇರೆ, ದೋಣಿ ನಡೆಸುವುದನ್ನು ದಿನಾ ಬೆಳಿಗ್ಗೆ ಗುಂಪಿನಲ್ಲಿ ಕಲಿಸುವುದು ಬೇರೆ. ಕಲಿಸುವವರೇ "ಜೆಂಟಿ ಓರ್ಗನಿಜಾತ್ಯೋರ್", ಅಂದರೆ ಒಳ್ಳೆಯ ಸಂಘಟಕ, ಚಿಕ್ಕದಾಗಿ ಜಿ.ಓ.; ಅತಿಥಿ "ಜೆಂಟಿ ಮಾಂಬ್ರ್", ಒಳ್ಳೆಯ ಸದಸ್ಯ, ಜಿ.ಎಂ. ಜಿ.ಓ. ಬೆಳಿಗ್ಗೆ ವಾಟರ್ ಸ್ಕೀ ಕಲಿಸಿ, ಮಧ್ಯಾಹ್ನ ಅತಿಥಿಗಳ ಪಂಕ್ತಿಯಲ್ಲೇ ಕೂತು ಉಂಡು, ರಾತ್ರಿ ವೇದಿಕೆ ಹತ್ತಿ ಕುಣಿಯುತ್ತಾನೆ. ಸೀಸನ್ ಮುಗಿದರೆ ಬೇರೆ ಹಳ್ಳಿಗೆ ವರ್ಗ. ಎಲ್ಲರೂ ಒಬ್ಬರನ್ನೊಬ್ಬರು ಏಕವಚನದಲ್ಲೇ ಮಾತಾಡಿಸಬೇಕು. ಫ್ರೆಂಚಿನಲ್ಲಿ ನಮ್ಮ ನೀನು-ನೀವು ಥರದ ಭೇದ ಇದೆ. ಆಫೀಸಿನಲ್ಲಿ ಇಪ್ಪತ್ತು ವರ್ಷ "ನೀವು" ಅಂದವರಿಗೂ ಅಲ್ಲಿ "ನೀನು". ಊಟಕ್ಕೆ ಎಂಟು ಜನರ ಮೇಜು, ಗಂಡ ಹೆಂಡತಿ ಇಬ್ಬರೇ ಕೂರುವ ಮೇಜು ಇರಲಿಲ್ಲ. ಎಂಟು ಜನ ಅಂದಮೇಲೆ ಅಪರಿಚಿತರ ಜೊತೆ ಮಾತಾಡಲೇಬೇಕು.

ಬಾರ್‌ನ ಡ್ರಿಂಕ್ಸ್ ಮಾತ್ರ ದರದ ಹೊರಗೆ. ಇದನ್ನೇ ಹಲವರು ತಪ್ಪು ಬರೆಯುವುದು.

ಕರಾವಳಿ ಗಾಳಿ:
ಬಾರ್ ವಿಷಯ ಬಂದದ್ದಕ್ಕೆ ಮಣಿಸರದ ಬಗ್ಗೆ ಹೇಳಲೇಬೇಕು. ಹಳ್ಳಿಯೊಳಗೆ ದುಡ್ಡು ಓಡಾಡಬಾರದು ಅನ್ನುವುದು ನಿಯಮ. ಈಜುಡುಗೆ, ಇಲ್ಲವೆ ಸೊಂಟಕ್ಕೆ ಸುತ್ತಿದ ಪಾರೆಯೊ ಬಟ್ಟೆ. ಜೇಬೇ ಇಲ್ಲ, ಪರ್ಸು ಎಲ್ಲಿಡುವುದು? ಹಾಗಾಗಿ ಬಣ್ಣಬಣ್ಣದ ಪ್ಲಾಸ್ಟಿಕ್ ಮಣಿ. ಪ್ರತಿ ಮಣಿಯ ಒಂದು ತುದಿಯಲ್ಲಿ ಸಣ್ಣ ಗುಂಡಿ, ಇನ್ನೊಂದು ತುದಿಯಲ್ಲಿ ತೂತು. ಒಂದನ್ನು ಇನ್ನೊಂದಕ್ಕೆ ಒತ್ತಿದರೆ ಟಕ್ಕನೆ ಸಿಕ್ಕಿಕೊಂಡು ಸರವಾಗುತ್ತದೆ. ದಾರ ಬೇಡ. ಬಣ್ಣಕ್ಕೊಂದು ಬೆಲೆ. ಬಂದ ದಿನ ಸರ ಕೊಂಡು ಕತ್ತಿಗೋ ಕಾಲಿಗೋ ಹಾಕಿಕೊಂಡರೆ ಮುಗಿಯಿತು; ಬಾರ್‌ನಲ್ಲಿ ಬೇಕಾದಷ್ಟು ಮಣಿ ಕಿತ್ತು ಕೊಡುವುದು. ಸಮುದ್ರಕ್ಕೆ ಇಳಿದರೂ ನೆನೆದು ಹಾಳಾಗುವ ಭಯವಿಲ್ಲ. ನಂತರ ಚೀಟಿ ಪುಸ್ತಕ ಬಂತು. 2000ರ ದಶಕದ ಮಧ್ಯದ ಹೊತ್ತಿಗೆ ಬಾರ್ ಕೂಡ ದರದೊಳಗೆ ಸೇರಿದ ಮೇಲೆ ಇದ್ಯಾವುದೂ ಬೇಡವಾಯಿತು.

ಪಾರೆಯೊ ತಂದವರು ಬ್ಲಿಟ್ಜ್ ಅವರ ಪತ್ನಿ ಕ್ಲೋದಿನ್. ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಲ್ಲಿ ಇದ್ದವರು. 1952ರಲ್ಲಿ ಶುರುವಾದ ಗ್ರೀಸ್‌ನ ಕಾರ್ಫು ಹಳ್ಳಿಯಲ್ಲಿ ಮುಂದೆ ಡೇರೆಗಳ ಜಾಗಕ್ಕೆ ಪಾಲಿನೇಷಿಯಾ ಮಾದರಿಯ ಹುಲ್ಲುಗುಡಿಸಲು ಬಂದದ್ದರಲ್ಲೂ ಅವರ ಕೈ ಇದೆ. ಗುಡಿಸಲಿಗೆ ಬೀಗವಿಲ್ಲ, ವಿದ್ಯುತ್ ಇಲ್ಲ, ಸ್ನಾನ ಶೌಚ ಹೊರಗೆ ಸಾಮೂಹಿಕ. ಡೇರೆಗಿಂತ ಅದರ ದೊಡ್ಡ ಗುಣ ಅಂದರೆ ತಂಪು. ಮಧ್ಯಾಹ್ನದ ಬಿಸಿಲಿಗೆ ದಪ್ಪ ಕ್ಯಾನ್ವಾಸಿನ ಒಳಗೆ ಉಸಿರುಗಟ್ಟುತ್ತದೆ. ಹುಲ್ಲಿನ ಚಾವಣಿಯಲ್ಲಿ ಗಾಳಿಯಾಡುತ್ತದೆ, ಕಡಿದಾಗಿ ಕಟ್ಟಿದ್ದರೆ ಮಳೆಯೂ ನಿಲ್ಲದೆ ಜಾರುತ್ತದೆ. ತೊಂದರೆ ಎರಡು: ಬೆಂಕಿ ಮತ್ತು ಆಯುಷ್ಯ. ಕೆಲವೇ ವರ್ಷಕ್ಕೆ ಹುಲ್ಲು ಹೊಸದಾಗಿ ಹೊದಿಸಲೇಬೇಕು.

ಲೆಕ್ಕದ ಮೇಷ್ಟ್ರು:
ಗುಡಿಸಲಿನಿಂದ ಕಾಂಕ್ರೀಟಿಗೆ ಹೋದದ್ದೇ ಈ ಸಂಸ್ಥೆಯ ಹಣೆಬರಹ ಬದಲಿಸಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿ ನಾನು ಉದಾಹರಣೆಗೆ ಇಟ್ಟುಕೊಂಡದ್ದು, ಕ್ಲಬ್ಬಿನದಲ್ಲ. ಲೆಕ್ಕದ ರೀತಿ ಮಾತ್ರ ನಿಜವಾದದ್ದು.

600 ಹಾಸಿಗೆಯ ಹಳ್ಳಿ, ವರ್ಷಕ್ಕೆ 120 ದಿನದ ಬೇಸಿಗೆ ಸೀಸನ್. 600 × 120 = 72,000 ಹಾಸಿಗೆ-ರಾತ್ರಿ. ಶೇ. 70 ತುಂಬಿದರೆ 50,400. ಗುಡಿಸಲಿಗೆ ಒಟ್ಟು ಒಂದೂವರೆ ಕೋಟಿ ರೂಪಾಯಿ, ಮೂರು ವರ್ಷಕ್ಕೊಮ್ಮೆ ಹೊಸದು; ವರ್ಷಕ್ಕೆ 50 ಲಕ್ಷ. ಒಂದು ರಾತ್ರಿಗೆ ತಲೆಯ ಮೇಲೆ ಬೀಳುವುದು ಸುಮಾರು 99 ರೂಪಾಯಿ.

ಅದೇ ಜಾಗದಲ್ಲಿ 60 ಕೋಟಿ ಸಾಲ ತೆಗೆದು ಕಾಂಕ್ರೀಟ್ ಕಟ್ಟಿ. ಶೇ. 10 ಬಡ್ಡಿ ಅಂದರೆ ವರ್ಷಕ್ಕೆ 6 ಕೋಟಿ. 120 ದಿನವೇ ನಡೆಸಿದರೆ ಬಡ್ಡಿಯೊಂದೇ ರಾತ್ರಿಗೆ 1,190 ರೂಪಾಯಿ. ಅದು ಸಾಧ್ಯವೇ ಇಲ್ಲ. ಹಾಗಾಗಿ 365 ದಿನವೂ ನಡೆಸಲೇಬೇಕು: 2,19,000 ಹಾಸಿಗೆ-ರಾತ್ರಿಯ ಶೇ. 70, ಅಂದರೆ 1,53,300. ಆಗ 391 ರೂಪಾಯಿಗೆ ಇಳಿಯುತ್ತದೆ. ಯಾವುದೋ ಯುದ್ಧದಿಂದಲೋ ಆರ್ಥಿಕ ಕುಸಿತದಿಂದಲೋ ತುಂಬುವುದು ಶೇ. 50ಕ್ಕೆ ಬಂದರೆ ತಕ್ಷಣ 548. ಗುಡಿಸಲಿನ ಕಾಲದಲ್ಲಿ ಜನ ಬರದಿದ್ದರೆ ಹಳ್ಳಿ ಮುಚ್ಚಿ ಮನೆಗೆ ಹೋಗಬಹುದಿತ್ತು. ಕಾಂಕ್ರೀಟ್ ಬಂದ ಮೇಲೆ ಹಳ್ಳಿ ಮುಚ್ಚಿದರೂ ಬಡ್ಡಿ ಮುಚ್ಚುವುದಿಲ್ಲ.

ಈ ಹಾದಿಗೆ ಬಂಡವಾಳ ಬಂದದ್ದು ಹೀಗೆ: 1957ರಲ್ಲಿ ಸಂಘ ಹೋಗಿ ಕಂಪನಿಯಾಯಿತು. ಹಣದ ಬಿಕ್ಕಟ್ಟು ಬಂದಾಗ 1961ರಲ್ಲಿ ಬ್ಯಾಂಕ್ ಮನೆತನದ ಬ್ಯಾರನ್ ಎಡ್ಮಂಡ್ ಡಿ ರಾಥ್ಸ್‌ಚೈಲ್ಡ್ ಪಾಲು ತೆಗೆದುಕೊಂಡರು. 1965ರಲ್ಲಿ ಮೊರಾಕ್ಕೊದ ಅಗಾದಿರ್‌ನಲ್ಲಿ ವರ್ಷಪೂರ್ತಿ ನಡೆಯುವ ಪಕ್ಕಾ ಕಟ್ಟಡದ ಹಳ್ಳಿ. 1966ರಲ್ಲಿ ಪ್ಯಾರಿಸ್ ಷೇರುಪೇಟೆಗೆ. ಚಳಿಗಾಲದಲ್ಲೂ ದುಡಿಯಲೆಂದು 1956ರಲ್ಲೇ ಸ್ವಿಟ್ಜರ್ಲೆಂಡಿನ ಲೆಸಾಂನಲ್ಲಿ ಮೊದಲ ಹಿಮದ ಹಳ್ಳಿ ತೆರೆದಿದ್ದರು, ಬೇಸಿಗೆಯ ಜಿ.ಓ.ಗಳಿಗೆ ಚಳಿಗಾಲದಲ್ಲೂ ಕೆಲಸ ಸಿಕ್ಕಿತು, ನುರಿತವರು ಕೈಬಿಟ್ಟು ಹೋಗುವುದು ತಪ್ಪಿತು. 1967ರಲ್ಲಿ ಮಕ್ಕಳಿಗಾಗಿ ಮಿನಿ ಕ್ಲಬ್. ಮೊದಲ ಪೀಳಿಗೆಯ ಸದಸ್ಯರಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ.

ಮುಂಗಡದ ವಿಷಯವನ್ನೂ ಸೇರಿಸಿಬಿಡುತ್ತೇನೆ. ಜನ ಚಳಿಗಾಲದಲ್ಲೇ ಕಟ್ಟಿದ ಹಣದಲ್ಲಿ ಕಂಪನಿ ಬೇಸಿಗೆಯ ಅಕ್ಕಿ, ಎಣ್ಣೆ, ಡೀಸೆಲ್ ಕೊಳ್ಳುತ್ತದೆ. ಚಾಲ್ತಿ ಬಂಡವಾಳಕ್ಕೆ ಸಾಲವೇ ಬೇಡ. ತೊಡಕು ಏನೆಂದರೆ ದರಪಟ್ಟಿ ಆರು ತಿಂಗಳು ಮೊದಲೇ ಅಚ್ಚಾಗಿರುತ್ತದೆ. ನಡುವೆ ಡಾಲರ್ ಏರಿದರೂ, ಪೆಟ್ರೋಲ್ ಏರಿದರೂ ಆ ನಷ್ಟ ಕಂಪನಿಯದೇ.

ವಿಮಾನಪಟ್ಟಿ:
ಮೇಷ್ಟ್ರೇ, ಚಾರ್ಟರ್ ವಿಮಾನದ್ದೂ ಇದೇ ಬಗೆಯ ಲೆಕ್ಕ. ವಾರಕ್ಕೊಂದು ವಿಮಾನ, ಅತಿಥಿ ಎರಡು ವಾರ ಇರುತ್ತಾನೆ, ಒಟ್ಟು 20 ತಂಡ ಅಂದುಕೊಳ್ಳಿ. ಮೊದಲ ಎರಡು ವಾರ ವಿಮಾನ ತುಂಬಿ ಹೋಗಿ ಖಾಲಿ ವಾಪಸ್. ಕೊನೆಯ ಎರಡು ವಾರ ಖಾಲಿ ಹೋಗಿ ತುಂಬಿ ವಾಪಸ್. 22 ಸುತ್ತು, 44 ಹಾರಾಟ, ಅದರಲ್ಲಿ 4 ಖಾಲಿ, ಶೇ. 9. ಸೀಸನ್ 8 ತಂಡಕ್ಕೆ ಇಳಿದರೆ 20 ಹಾರಾಟದಲ್ಲಿ ಅದೇ 4 ಖಾಲಿ, ಶೇ. 20. ಸೀಸನ್ ಉದ್ದವಾದಷ್ಟೂ ಟಿಕೆಟ್ ಅಗ್ಗ ಆಗುವುದು ಇದೇ ಕಾರಣಕ್ಕೆ. ಅತಿಥಿ ಒಂದು ದಿನ ಹೆಚ್ಚು ಇರುತ್ತೇನೆ ಅಂದರೂ ಚಾರ್ಟರ್‌ನವರು ಒಪ್ಪದಿರುವುದಕ್ಕೂ ಇದೇ ಕಾರಣ. ಮುಂದಿನ ವಾರದ ಆ ಸೀಟು ಬೇರೆಯವರದು.

ಧಾರವಾಡ ಪೇಡೆ:
ಎಲ್ಲಾರೂ ಛಲೋ ಬರದೀರಿ. ನನ್ನದೊಂದು ಪ್ರಶ್ನಿ ಅದರೀ. ಜೆರಾರ್ ಬ್ಲಿಟ್ಜ್ ಅನ್ನೋ ಹೆಸರು ಯೋಗದ ಇತಿಹಾಸದಾಗ ಓದಿದ ನೆನಪು. ಅವರೇ ಏನ್ರೀ ಇವರು?

ಹಳೇಕಡತ:
ಹೌದು, ಅವರೇ. ಆಡಳಿತ ತ್ರಿಗಾನೊ ಕೈಗೆ ಹೋದ ಮೇಲೆ ಬ್ಲಿಟ್ಜ್ ಪೂರ್ತಿ ಯೋಗದ ಕಡೆ ತಿರುಗಿದರು. ಟಿ.ಕೆ.ವಿ. ದೇಶಿಕಾಚಾರ್ ಅವರಲ್ಲಿ ಕಲಿತರು, ಯುರೋಪಿನ ಯೋಗ ಒಕ್ಕೂಟದ ಮುಂದಾಳಾಗಿ ಸ್ವಿಟ್ಜರ್ಲೆಂಡಿನ ಜಿನಾಲ್ ಎಂಬ ಬೆಟ್ಟದ ಊರಿನಲ್ಲಿ ವಾರ್ಷಿಕ ಸಮಾವೇಶ ನಡೆಸಿದರು. ದೇಶಿಕಾಚಾರ್ ಹುಟ್ಟಿದ್ದು 1938ರಲ್ಲಿ ಮೈಸೂರಿನಲ್ಲಿ. ಅವರ ತಂದೆ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದವರು. ಮೈಸೂರಿನ ಆ ಯೋಗಶಾಲೆಯ ಪರಂಪರೆ ಕ್ಲಬ್ ಮೆಡ್ ಸ್ಥಾಪಕನವರೆಗೆ ಹೀಗೆ ತಲುಪಿದೆ. ಬ್ಲಿಟ್ಜ್ ತೀರಿಕೊಂಡದ್ದು 1990ರಲ್ಲಿ, ತ್ರಿಗಾನೊ 2001ರಲ್ಲಿ.

ಧಾರವಾಡ ಪೇಡೆ:
ಭಾಳ ಖುಷಿ ಆತ್ರೀ ಇದನ್ನ ಓದಿ. ಚಿತ್ರದುರ್ಗದ ಮಂದಿಗೆ ಗೊತ್ತಿರಬೇಕಾದ ಮಾತು ಇದು.

ಉಪ್ಪುಖಾರ:
ಬಫೆ ಬಗ್ಗೆ ಯಾರೂ ಬರೆಯಲಿಲ್ಲ. ಒಂದೇ ದರದ ರೆಸಾರ್ಟ್ ಗೆಲ್ಲುವುದು ಸೋಲುವುದು ಅಡುಗೆಮನೆಯಲ್ಲಿ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಎಲೆಗೆ ಬಡಿಸುವ ಊಟದಲ್ಲಿ ಯಾರಿಗೆ ಎಷ್ಟು ಅಂತ ಬಡಿಸುವವನ ಕೈ ನಿರ್ಧರಿಸುತ್ತದೆ. ಬಫೆಯಲ್ಲಿ ಆ ಕೈ ಇಲ್ಲ. ಹಾಗಾಗಿ ಪಾತ್ರೆಯ ಅಳತೆಯೇ ಆ ಕೆಲಸ ಮಾಡಬೇಕು. ಸ್ಟೀಲ್ ಟ್ರೇಗಳ ಪೂರ್ತಿ ಅಳತೆ 530 × 325 ಮಿ.ಮೀ.; ಆಳ 65 ಅಥವಾ 100 ಮಿ.ಮೀ. ಅನುಭವವಿಲ್ಲದ ಅಡುಗೆಮನೆ 100ರ ಟ್ರೇಯನ್ನು ಕಂಠಪೂರ್ತಿ ತುಂಬಿ ಇಡುತ್ತದೆ. ಅರ್ಧ ಗಂಟೆಯಲ್ಲಿ ಮೇಲ್ಪದರ ಒಣಗಿ ಕೆನೆಗಟ್ಟುತ್ತದೆ, ತಳ ಸೀಯುತ್ತದೆ, ಜನ ನಡುವಿನಿಂದ ಕೆದಕಿ ಬಡಿಸಿಕೊಳ್ಳುತ್ತಾರೆ, ಉಳಿದದ್ದು ತಿಪ್ಪೆಗೆ. ಸರಿಯಾದ ಕ್ರಮ: 65ರ ಟ್ರೇಯಲ್ಲಿ ಮುಕ್ಕಾಲು ಭಾಗ ತುಂಬಿ, ಮೂರನೇ ಒಂದು ಭಾಗಕ್ಕೆ ಬಂದಾಗ ಹೊಸ ಟ್ರೇ ಇಟ್ಟು ಹಳೆಯದನ್ನು ತೆಗೆಯುವುದು. ಹಳೆಯದರ ಮೇಲೆ ಹೊಸದನ್ನು ಸುರಿಯಲೇಬಾರದು. ಕೆಳಗಿರುವ ಹಳೆಯ ಅಡುಗೆ ಎಷ್ಟು ಹೊತ್ತಿನಿಂದ ಹೊರಗಿದೆ ಅನ್ನುವ ಲೆಕ್ಕ ತಪ್ಪುತ್ತದೆ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್ ಮೇಲೆ, ತಣ್ಣನೆಯದು 5 ಡಿಗ್ರಿ ಕೆಳಗೆ ಇರಬೇಕು. ನಡುವಿನ ಶಾಖದಲ್ಲೇ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುವುದು. ಆಂಬಡೆಯಷ್ಟು ಸಣ್ಣ ಪದಾರ್ಥವಾದರೂ ಇದೇ ನಿಯಮ.

ದುಬಾರಿ ಪದಾರ್ಥ, ಉದಾಹರಣೆಗೆ ಮೀನು, ಸೀಗಡಿ, ಕುರಿಮಾಂಸ, ಸಾಲಿನ ಕೊನೆಯಲ್ಲಿ, ಅದೂ ಎದುರಿಗೇ ಬೇಯಿಸಿಕೊಡುವ ಒಬ್ಬ ಬಾಣಸಿಗನ ಕೈಯಲ್ಲಿ. ಮೊದಲಿಗೆ ಬ್ರೆಡ್, ಸಲಾಡ್, ಹಣ್ಣು. ತಟ್ಟೆ ಅಲ್ಲೇ ಅರ್ಧ ತುಂಬಿರುತ್ತದೆ. ಎದುರಿಗೆ ಬೇಯಿಸಿದ್ದರಲ್ಲಿ ಕೇಳಿದಷ್ಟೇ ಖರ್ಚು, ಉಳಿಕೆ ಇಲ್ಲ. ಇದು ಮೋಸ ಅಲ್ಲ. ಕಾಯುವ ಅತಿಥಿಗೆ ಬಿಸಿಯಾದ ಊಟವೇ ಸಿಗುತ್ತದೆ. ಅತಿ ಹೆಚ್ಚು ಹಾಳಾಗುವುದು ಮಾಂಸವಲ್ಲ, ಬ್ರೆಡ್ ಮತ್ತು ಹೆಚ್ಚಿಟ್ಟ ಹಣ್ಣು. ಅವು ಅಗ್ಗ ಅಂತ ಯಾರೂ ತೂಗಿ ನೋಡುವುದಿಲ್ಲ. ದಿನಾ ರಾತ್ರಿ ತ್ಯಾಜ್ಯವನ್ನು ಮೂರು ಡಬ್ಬಿಗೆ ಬೇರೆ ಮಾಡಿ ತೂಗಬೇಕು: ಹೆಚ್ಚುವಾಗ ಉಳಿದದ್ದು, ಟ್ರೇಯಲ್ಲಿ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ತಟ್ಟೆಯದು ಹೆಚ್ಚಿದ್ದರೆ ರುಚಿಯಲ್ಲೋ ತಟ್ಟೆಯ ಗಾತ್ರದಲ್ಲೋ ದೋಷ; ಟ್ರೇಯದು ಹೆಚ್ಚಿದ್ದರೆ ಕೊನೆಯ ಮುಕ್ಕಾಲು ಗಂಟೆಯಲ್ಲಿ ದೊಡ್ಡ ಟ್ರೇ ಇಟ್ಟಿದ್ದಾರೆ ಎಂದೇ ಅರ್ಥ.

ದಾರಿಹೋಕ:
ಉಪ್ಪುಖಾರ ಅಕ್ಕ, ಈ ಮಟ್ಟದ ವಿವರ ಬೇರೆಲ್ಲೂ ಸಿಕ್ಕಿರಲಿಲ್ಲ. ಇನ್ನು ಕಂಪನಿ ಸಂಕಷ್ಟಕ್ಕೆ ಸಿಲುಕಿದ್ದು ಯಾವಾಗ?

ಷೇರುಪೇಟೆ ಕಿಟಕಿ:
ಪೆಟ್ಟು ಬಿದ್ದದ್ದು 1990ರ ದಶಕದಲ್ಲಿ, ಒಟ್ಟೊಟ್ಟಿಗೆ. 1991ರ ಕೊಲ್ಲಿ ಯುದ್ಧದಿಂದ ಮೆಡಿಟರೇನಿಯನ್‌ನ ಪೂರ್ವ ತೀರಕ್ಕೆ, ಉತ್ತರ ಆಫ್ರಿಕಾಕ್ಕೆ ಜನ ಹೋಗಲು ಹೆದರಿದರು. ಯುಗೊಸ್ಲಾವಿಯ ಒಡೆದು ಅಲ್ಲಿನ ಹಳ್ಳಿಗಳು ನಿಂತವು. 1992ರ ಫೆಬ್ರವರಿಯಲ್ಲಿ ಸೆನೆಗಲ್‌ನ ಕಾಪ್ ಸ್ಕಿರಿಂಗ್ ಹಳ್ಳಿಗೆ ಅತಿಥಿಗಳನ್ನು ಒಯ್ಯುತ್ತಿದ್ದ ಬಾಡಿಗೆ ವಿಮಾನ ಅಪಘಾತಕ್ಕೀಡಾಗಿ 30 ಜನ ಸತ್ತರು. ಮೇಷ್ಟ್ರು ತೋರಿಸಿದ ಶೇ. 70ರಿಂದ 50ರ ಲೆಕ್ಕವನ್ನು ಈ ವರ್ಷಗಳ ಮೇಲಿಟ್ಟು ನೋಡಿ.

ಇದರ ಜೊತೆ ಪೈಪೋಟಿ. ಜಮೈಕಾದಲ್ಲಿ ಜಾನ್ ಇಸ್ಸಾ 1976ರಲ್ಲಿ ನೆಗ್ರಿಲ್ ಬೀಚ್ ವಿಲೇಜ್, 1978ರಲ್ಲಿ ಜೋಡಿಗಳಿಗಷ್ಟೇ ಮೀಸಲಾದ "ಕಪಲ್ಸ್" ತೆರೆದರು. 1981ರಲ್ಲಿ ಬುಚ್ ಸ್ಟುವರ್ಟ್ ಮಾಂಟೆಗೊ ಬೇಯಲ್ಲಿ "ಸ್ಯಾಂಡಲ್ಸ್" ಶುರು ಮಾಡಿದರು. ಇವರೆಲ್ಲ ಕ್ಲಬ್ ಮೆಡ್ ನೋಡಿಯೇ ಕಲಿತವರು, ಆದರೆ ಕ್ಲಬ್ ಮೆಡ್ ದರದಿಂದ ಬಿಟ್ಟ ಎರಡನ್ನು ಸೇರಿಸಿಕೊಟ್ಟರು: ಬಾರ್, ಮತ್ತು ಒಳ್ಳೆಯ ರೂಮು. ಟಿವಿ, ಎ.ಸಿ., ಬಾಗಿಲಿಗೆ ಬೀಗ. ಡೊಮಿನಿಕನ್ ಗಣರಾಜ್ಯದಲ್ಲಿ, ಟರ್ಕಿಯಲ್ಲಿ ಸ್ಪೇನ್ ಮತ್ತು ಜರ್ಮನಿಯ ಕಂಪನಿಗಳು ಇದನ್ನೇ ಅಗ್ಗಕ್ಕೆ ಕೊಟ್ಟವು. ಕ್ಲಬ್ ಮೆಡ್ ಅತ್ತ ಅಗ್ಗವೂ ಅಲ್ಲ, ಇತ್ತ ಸುಖವೂ ಅಲ್ಲ ಎಂಬಂತಾಯಿತು. ನನ್ನ ಪ್ರಕಾರ ಯುದ್ಧಕ್ಕಿಂತ ದೊಡ್ಡ ಕಾರಣ ಇದೇ.

1993ರಲ್ಲಿ ದೊಡ್ಡ ನಷ್ಟ. ಜಿಲ್ಬೆರ್ ತ್ರಿಗಾನೊ ಇಳಿದು ಮಗ ಸೆರ್ಜ್ ಬಂದರು. 1997ರಲ್ಲಿ ಷೇರುದಾರರು ಅವರನ್ನೂ ಕೆಳಗಿಳಿಸಿ ಯೂರೋ ಡಿಸ್ನಿಯಿಂದ ಫಿಲಿಪ್ ಬೂರ್ಗಿನ್ಯೋನ್ ಅವರನ್ನು ಕರೆತಂದರು. ಬೂರ್ಗಿನ್ಯೋನ್ ಕ್ಲಬ್ಬಿನ ಹೆಸರನ್ನು ಎಲ್ಲ ಕಡೆ ಹರಡಿದರು: 1999ರಲ್ಲಿ ಜೆಟ್ ಟೂರ್ಸ್ ಎಂಬ ಪ್ರವಾಸ ಕಂಪನಿ ಕೊಂಡದ್ದು, ಪ್ಯಾರಿಸ್‌ನಲ್ಲಿ ಕ್ಲಬ್ ಮೆಡ್ ವರ್ಲ್ಡ್ ಎಂಬ ಮನರಂಜನಾ ಕೇಂದ್ರ, 2001ರಲ್ಲಿ ಜಿಮ್ ಸರಪಳಿ, ಯುವಕರಿಗೆ ಅಗ್ಗದ ಹಳ್ಳಿ. ಕ್ಲಬ್ಬಿನ ಐದು ಕೂವೆಯ (ಹಾಯಿಗಂಬದ) ಎರಡು ಹಾಯಿಹಡಗುಗಳಲ್ಲಿ ಮೊದಲನೆಯದನ್ನು 1998ರಲ್ಲಿ ಮಾರಿದರು; ಎರಡನೆಯದು, 187 ಮೀಟರ್ ಉದ್ದದ ಕ್ಲಬ್ ಮೆಡ್ 2, ಉಳಿಯಿತು. 2001ರ ಸೆಪ್ಟೆಂಬರ್ 11ರ ನಂತರ ವಿಮಾನಯಾನವೇ ಕುಸಿದಾಗ ಈ ಹರಡಾಟ ಭಾರವಾಯಿತು, 2002ರ ಕೊನೆಗೆ ಅವರೂ ಹೋದರು.

ಆಮೇಲೆ ಬಂದವರು ಫ್ರಾನ್ಸಿನ ಮಾಜಿ ರಾಷ್ಟ್ರಾಧ್ಯಕ್ಷರ ಮಗ ಹೆನ್ರಿ ಜಿಸ್ಕಾರ್ ದೆಸ್ತಾಂ. ಅವರು ಒಂದೇ ದಾರಿ ಹಿಡಿದರು: ಮೇಲಕ್ಕೆ. ನಕ್ಷತ್ರದ ಬದಲು ತ್ರಿಶೂಲದ ದರ್ಜೆ; ಕ್ಲಬ್ಬಿನ ಲಾಂಛನ ಸಮುದ್ರದೇವತೆಯ ತ್ರಿಶೂಲ. ಎರಡು ತ್ರಿಶೂಲದ ಹಳ್ಳಿಗಳನ್ನು ಒಂದೊಂದಾಗಿ ಮುಚ್ಚಿದರು ಇಲ್ಲವೆ ಮಾರಿದರು, ನಾಲ್ಕು ಐದರವಕ್ಕೆ ಹಣ ಸುರಿದರು. 2007ರಲ್ಲಿ ಮಾರಿಷಸ್‌ನ ಅಲ್ಬಿಯೋನ್ ಐದರ ದರ್ಜೆಯಲ್ಲಿ ತೆರೆಯಿತು. ಬಾರ್ ದರದೊಳಗೆ ಸೇರಿದ್ದೂ ಈ ಕಾಲದಲ್ಲೇ. ಹಳೆಯ ಸದಸ್ಯರಿಗೆ ಇದು ನೋವು ಕೊಟ್ಟಿತು, ಅದು ಸಹಜ. ಶಿಕ್ಷಕ ಗುಮಾಸ್ತರಿಗಾಗಿ ಹುಟ್ಟಿದ್ದು ಅವರ ಕೈಗೇ ಎಟುಕದಂತಾಯಿತು. ಆದರೆ ಕಂಪನಿ ಉಳಿದದ್ದು ಈ ನಿರ್ಧಾರದಿಂದಲೇ ಎಂಬುದನ್ನೂ ಒಪ್ಪಬೇಕು.

ದಾರಿಹೋಕ:
ಚೀನಾದ ಭಾಗ?

ಷೇರುಪೇಟೆ ಕಿಟಕಿ:
2010ರಲ್ಲಿ ಶಾಂಘೈನ ಫೋಸುನ್ ಎಂಬ ಉದ್ಯಮ ಸಮೂಹ ಶೇ. 7ರಷ್ಟು ಪಾಲು ಕೊಂಡಿತು. ಅದೇ ವರ್ಷ ಚೀನಾದ ಯಾಬುಲಿಯಲ್ಲಿ ಹಿಮದ ಹಳ್ಳಿ ತೆರೆಯಿತು. 2013ರ ಮೇನಲ್ಲಿ ಫೋಸುನ್, ಫ್ರಾನ್ಸಿನ ಹೂಡಿಕೆ ಸಂಸ್ಥೆ ಆರ್ಡಿಯಾನ್ (ಆಗಿನ ಹೆಸರು ಆಕ್ಸಾ ಪ್ರೈವೇಟ್ ಇಕ್ವಿಟಿ) ಮತ್ತು ಆಡಳಿತವರ್ಗ ಸೇರಿ ಷೇರಿಗೆ 17 ಯೂರೋ ಕೊಡುವುದಾಗಿ ಮುಂದೆ ಬಂದವು, ಸ್ವಲ್ಪದರಲ್ಲೇ 17.50 ಮಾಡಿದವು. ಬೆಲೆ ಕಡಿಮೆ ಎಂದು ಸಣ್ಣ ಷೇರುದಾರರು ನ್ಯಾಯಾಲಯಕ್ಕೆ ಹೋದರು, ಅಲ್ಲಿಗೇ ಒಂದು ವರ್ಷ ಕಳೆಯಿತು. ಆ ಅವಕಾಶದಲ್ಲಿ 2014ರ ಜೂನ್ ಕೊನೆಗೆ ಇಟಲಿಯ ಹೂಡಿಕೆದಾರ ಆಂದ್ರೆಯಾ ಬೊನೋಮಿ 21 ಎಂದರು. ಫೋಸುನ್ 22, ಬೊನೋಮಿ 23, ಫೋಸುನ್ 23.50, ಬೊನೋಮಿ 24, ಡಿಸೆಂಬರ್‌ನಲ್ಲಿ ಫೋಸುನ್ 24.60. 2015ರ ಜನವರಿ ಮೊದಲ ವಾರ ಬೊನೋಮಿ ಹಿಂದೆ ಸರಿದರು. 17ರಿಂದ 24.60, ಅಂದರೆ ಸುಮಾರು ಶೇ. 45 ಏರಿಕೆ; ಕಂಪನಿಯ ಒಟ್ಟು ಬೆಲೆ 93.9 ಕೋಟಿ ಯೂರೋ. ನ್ಯಾಯಾಲಯಕ್ಕೆ ಹೋದ ಸಣ್ಣ ಷೇರುದಾರರಿಗೆ ಅವರ ಹಠ ಫಲ ಕೊಟ್ಟಿತು. ಜಿಸ್ಕಾರ್ ದೆಸ್ತಾಂ 2025ರ ಜುಲೈವರೆಗೂ ಮುಂದುವರಿದರು.

ಕರಾವಳಿ ಗಾಳಿ:
ಇನ್ನೊಂದು ಮುಖವನ್ನೂ ಬರೆಯಬೇಕು. ಎಲ್ಲವನ್ನೂ ಒಳಗೇ ಕೊಟ್ಟರೆ ಅತಿಥಿ ಹೊರಗೆ ಯಾಕೆ ಬರುತ್ತಾನೆ? ಗೇಟಿನ ಆಚೆಯ ಮೀನೂಟದ ಅಂಗಡಿ, ಟ್ಯಾಕ್ಸಿ, ದೋಣಿಯವನಿಗೆ ಅವನ ಕೈಯಿಂದ ಏನೂ ಸಿಗದು. ದರ ಕಟ್ಟಿದ್ದು ಪ್ಯಾರಿಸ್‌ನಲ್ಲಿ, ವಿಮಾನ ಅಲ್ಲಿಯದು, ಚೀಸ್ ವೈನ್ ಅಲ್ಲಿಂದಲೇ. ಕೆರೀಬಿಯನ್ ದ್ವೀಪಗಳಲ್ಲಿ ಈ ವಾದ 1970ರ ದಶಕದಿಂದಲೂ ನಡೆದಿದೆ. ಊರಿಗೆ ಏನು ಉಳಿಯುತ್ತದೆ ಅನ್ನುವುದಕ್ಕೆ ಮೂರು ಕಡೆ ನೋಡಬೇಕು: ತರಕಾರಿ, ಮೀನು, ಮೊಟ್ಟೆ ಸ್ಥಳೀಯವೋ ಅಲ್ಲವೋ, ಊರಿನವರಿಗೆ ಕೋಣೆ ಗುಡಿಸುವ ಕೆಲಸವಷ್ಟೇ ಸಿಗುತ್ತದೆಯೋ, ಮೇಲಿನ ಹುದ್ದೆಯೂ ಇದೆಯೋ, ಕಡಲತೀರಕ್ಕೆ ಊರಿನವರ ದಾರಿ ತೆರೆದಿದೆಯೋ. ನಮ್ಮ ಕಬಿನಿಯ ಜಂಗಲ್ ಲಾಡ್ಜಸ್‌ನಲ್ಲೂ ವಾಸ, ಊಟ, ಸಫಾರಿ ಸೇರಿ ತಲೆಗೆ ಒಂದೇ ದರ. ಆದರೆ ಅದು 1980ರಲ್ಲಿ ಸ್ಥಾಪನೆಯಾದ ಸರ್ಕಾರದ ಸಂಸ್ಥೆ, ಲಾಭ ರಾಜ್ಯದಲ್ಲೇ ಉಳಿಯುತ್ತದೆ. ದರದ ರೀತಿ ಒಂದೇ ಇದ್ದರೂ ಹಣ ಹರಿಯುವ ದಿಕ್ಕು ಬೇರೆ.

ವಿಮಾನಪಟ್ಟಿ:
ದಾರಿಹೋಕರೇ, ಇವತ್ತಿನ ಕೊಟೇಶನ್ ಓದುವಾಗ ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಮಾಲ್ಡೀವ್ಸ್‌ನದೇ ಉದಾಹರಣೆ: ಮಾಲೆಯಿಂದ ದ್ವೀಪಕ್ಕೆ ಹೋಗುವ ಖರ್ಚು ಸೇರಿದೆಯೇ, ಅದು ಸ್ಪೀಡ್ ಬೋಟೋ ಸೀ-ಪ್ಲೇನೋ? ಕ್ಲಬ್ ಮೆಡ್‌ನ ಕಾನಿ ದ್ವೀಪಕ್ಕೆ ಬೋಟಿನಲ್ಲಿ ಅರ್ಧ ಗಂಟೆ. ದೂರದ ದ್ವೀಪವಾದರೆ ಸೀ-ಪ್ಲೇನ್, ಅದು ಕತ್ತಲಾದ ಮೇಲೆ ಹಾರುವುದಿಲ್ಲ. ನಿಮ್ಮ ವಿಮಾನ ಸಂಜೆ ಇಳಿದರೆ ಮಾಲೆಯಲ್ಲಿ ಒಂದು ರಾತ್ರಿ ಸ್ವಂತ ಖರ್ಚು. ಗ್ರೀನ್ ಟ್ಯಾಕ್ಸ್ 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 12 ಡಾಲರ್. ಇಬ್ಬರು ನಾಲ್ಕು ರಾತ್ರಿಗೆ 96. ಅದು ದರದೊಳಗೋ ಹೊರಗೋ? ವಿದೇಶ ಪ್ಯಾಕೇಜಿನ ಮೇಲೆ ಇಲ್ಲಿ ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹೊರಡುವ ದಿನದ ಮಧ್ಯಾಹ್ನದ ಊಟ ಉಂಟೋ ಕೇಳಿ.

ಕ್ಲಬ್ ಮೆಡ್‌ನಲ್ಲೇ ಆದರೆ ಊಟ, ತಿಂಡಿ, ಬಾರ್, ಗುಂಪಿನ ಆಟದ ಪಾಠ, 4 ವರ್ಷ ದಾಟಿದ ಮಕ್ಕಳ ಕ್ಲಬ್ ಸಾಮಾನ್ಯವಾಗಿ ದರದೊಳಗೆ. ಸ್ಪಾ, ಸ್ಕೂಬಾ, ಹೊರಗಿನ ಸುತ್ತಾಟ, ದುಬಾರಿ ಬ್ರ್ಯಾಂಡ್‌ನ ಮದ್ಯ, 4ಕ್ಕಿಂತ ಚಿಕ್ಕ ಮಕ್ಕಳ ಆರೈಕೆ ಹೊರಗೆ. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್ ವೇಳೆಯೇ ಬರೆಸಿ, ಹೋದ ದಿನ ಅಡುಗೆಮನೆಯ ಮುಖ್ಯಸ್ಥರನ್ನೇ ಕಂಡು ಹೇಳಿ.

ದಾರಿಹೋಕ:
ತುಂಬಾ ಉಪಕಾರ. ಕೊನೆಯ ಪ್ರಶ್ನೆ, ಹಿಮದ ಹಳ್ಳಿಗಳಲ್ಲಿ ಸ್ಕೀ ಸಾಮಾನೂ ಸೇರಿರುತ್ತದೆಯೇ?

ವಿಮಾನಪಟ್ಟಿ:
ಇಲ್ಲ. ಬೆಟ್ಟ ಹತ್ತುವ ಲಿಫ್ಟ್ ಪಾಸ್ ಮತ್ತು ಗುಂಪಿನ ಪಾಠ ಸೇರಿದೆ. ಸ್ಕೀ ಹಲಗೆ, ಕೋಲು, ಬೂಟು, ಹೆಲ್ಮೆಟ್ ಬಾಡಿಗೆ ಬೇರೆ. ಮೊದಲೇ ಆನ್‌ಲೈನ್‌ನಲ್ಲಿ ಎತ್ತರ, ತೂಕ, ಪಾದದ ಉದ್ದ ಸೆಂಟಿಮೀಟರಿನಲ್ಲಿ ಕೊಡಿ. ಬೂಟು ಒಂದು ಸೈಜ್ ದೊಡ್ಡದಿದ್ದರೆ ಹಿಮ್ಮಡಿ ಮೇಲೇಳುತ್ತದೆ, ಹಲಗೆ ಮಾತು ಕೇಳುವುದಿಲ್ಲ. ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಿ, ಮೊಣಕಾಲು ಬಗ್ಗಿಸಿದಾಗ ಬಿಡಬೇಕು. ಅದೇ ಸರಿಯಾದ ಅಳತೆ. ಎರಡು ಜೊತೆ ಕಾಲುಚೀಲ ಹಾಕಬೇಡಿ, ಒಂದೇ ಸಾಕು, ಮೊಣಕಾಲವರೆಗಿನ ಉಣ್ಣೆಯದು.